ತರಬೇತಿಗೆ ಕಳಿಸುವ ಮೊದಲು ಟ್ಯೂಬ್‌ಲೈಟ್ ನೋಡಿ

ಕಳೆದ ಸಂಚಿಕೆಯಲ್ಲಿ ಒಂದು ಮಾತು ಬರೆದುಬಿಟ್ಟಿದ್ದೆ. ಜನ ಕೆಲಸ ಸರಿಯಾಗಿ ಮಾಡದಿದ್ದರೆ ಬೈಯಬೇಡಿ, ತಕ್ಷಣ ತರಬೇತಿಗೂ ಕಳಿಸಬೇಡಿ ಅಂತ. ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ತರಬೇತಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಸಂಬಳ ಎಣಿಸಿದವನು ಹೀಗೆ ಬರೆದರೆ ಹೇಗೆ? ಪತ್ರಗಳು ಬಂದವು. ಕೆಲವರಿಗೆ ಸಿಟ್ಟು, ಕೆಲವರಿಗೆ ಕುತೂಹಲ. ಒಬ್ಬರಂತೂ 'ಉಂಡ ಮನೆಗೆ ಎರಡು ಬಗೆದಿರಿ' ಅಂತಲೇ ಬರೆದಿದ್ದಾರೆ. ಇರಲಿ. ಆರು ಪತ್ರ ಆರಿಸಿಕೊಂಡಿದ್ದೇನೆ.

ಎಂಬಿಎ ವಿದ್ಯಾರ್ಥಿನಿ, ಧಾರವಾಡ: ನಮಗೆ 'ಹ್ಯೂಮನ್ ಪರ್ಫಾರ್ಮೆನ್ಸ್ ಟೆಕ್ನಾಲಜಿ' ಅಂತ ಒಂದು ಪಾಠ ಇದೆ. ಇದರಲ್ಲಿ ಕಂಪ್ಯೂಟರ್ ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಯಿತು. ಇದನ್ನು ಕಟ್ಟಿದವರು ಯಾರು? ಯಾರನ್ನು ಓದಲಿ?

ಕಂಪ್ಯೂಟರ್ ಇಲ್ಲ, ಹುಡುಕಬೇಡಿ. ಇಲ್ಲಿ ಟೆಕ್ನಾಲಜಿ ಅಂದರೆ ಯಂತ್ರ ಅಲ್ಲ, ಪದ್ಧತಿ. ಮನುಷ್ಯರ ಕೆಲಸ ಯಾಕೆ ಕೆಡುತ್ತದೆ, ಯಾವುದನ್ನು ಬದಲಾಯಿಸಿದರೆ ಸರಿಹೋಗುತ್ತದೆ ಅಂತ ಕ್ರಮವಾಗಿ ನೋಡುವ ವಿದ್ಯೆ.

ಇದರ ಬೇರು ಒಂದು ಶಾಲೆಯ ಕೋಣೆಯಲ್ಲಿದೆ. 1953ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ತಮ್ಮ ಮಗಳ ನಾಲ್ಕನೇ ಕ್ಲಾಸಿನ ಗಣಿತ ಪಾಠ ನೋಡಲು ಹೋದರು. ಮಕ್ಕಳು ಲೆಕ್ಕ ಮಾಡುತ್ತಿದ್ದರು. ಬೇಗ ಮುಗಿಸಿದವರು ಸುಮ್ನೆ ಕೂತಿದ್ದರು, ಬರದವರು ಒದ್ದಾಡುತ್ತಿದ್ದರು. ತಾನು ಮಾಡಿದ್ದು ಸರಿಯೋ ತಪ್ಪೋ ಅಂತ ಆ ಗಳಿಗೆಯಲ್ಲಿ ಯಾವ ಮಗುವಿಗೂ ಗೊತ್ತಾಗುತ್ತಿರಲಿಲ್ಲ. ಟೀಚರ್ ಕೆಟ್ಟವರಲ್ಲ, ಕ್ರಮವೇ ಹಾಗಿತ್ತು. ಸ್ಕಿನ್ನರ್ ಮನೆಗೆ ಬಂದು ಒಂದು ಕಲಿಸುವ ಪೆಟ್ಟಿಗೆ ಮಾಡಲು ಕೂತರು. ಪಾಠವನ್ನು ಚಿಕ್ಕ ಚಿಕ್ಕ ತುತ್ತು ಮಾಡಿ, ಪ್ರತಿ ತುತ್ತಿಗೂ ಆಗಲೇ ಉತ್ತರ ತೋರಿಸುವ ಈ ಕ್ರಮಕ್ಕೆ 'ಪ್ರೋಗ್ರಾಮ್ಡ್ ಇನ್‌ಸ್ಟ್ರಕ್ಷನ್' ಅಂದರು. ಅದರ ಹುಚ್ಚು ಹತ್ತಿದವರೆಲ್ಲ ಸೇರಿ 1962ರಲ್ಲಿ ಅಮೆರಿಕದಲ್ಲಿ ಒಂದು ಸಂಘ ಕಟ್ಟಿದರು.

ಆಮೇಲೆ ಒಂದು ಪೇಚು ಶುರುವಾಯಿತು. ಪಾಠ ಚೆನ್ನಾಗಿತ್ತು. ಪರೀಕ್ಷೆಯಲ್ಲಿ ಎಲ್ಲರೂ ಪಾಸು. ವಾಪಸ್ ಕೆಲಸಕ್ಕೆ ಹೋದರೆ ಮತ್ತೆ ಅದೇ ಹಳೇ ರಾಗ. ಪಾಠ ಸರಿಯಿದ್ದೂ ಕೆಲಸ ಸರಿಹೋಗಲ್ಲ ಅಂದರೆ ತೊಂದರೆ ಬೇರೆಲ್ಲೋ ಇರಬೇಕಲ್ವಾ? ಆ ಸಂಘದ ಹೆಸರೇ ಈ ಕಥೆ ಹೇಳುತ್ತದೆ. ಮೊದಲು ಅದರಲ್ಲಿ 'ಇನ್‌ಸ್ಟ್ರಕ್ಷನ್' ಮಾತ್ರ ಇತ್ತು. ಆಮೇಲೆ ಅದಕ್ಕೂ ಮುಂದೆ 'ಪರ್ಫಾರ್ಮೆನ್ಸ್' ಬಂದು ಕೂತಿತು. ಈಗ ಅದು ಇಂಟರ್‌ನ್ಯಾಷನಲ್ ಸೊಸೈಟಿ ಫಾರ್ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್. ಪಾಠದ ಹೆಸರು ಬೋರ್ಡಿನಿಂದ ಪೂರ್ತಿ ಮಾಯ.

ಹೆಸರು ಕೇಳಿದ್ದೀರಿ. ಮೊದಲು ಥಾಮಸ್ ಗಿಲ್ಬರ್ಟ್. ಸ್ಕಿನ್ನರ್ ಜೊತೆ ಕೆಲಸ ಮಾಡಿದವರು, ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಅಲ್ಲಿ ಅವರ ಶಿಷ್ಯ ಜೋ ಹಾರ್ಲೆಸ್. 1969ರಲ್ಲಿ ಗಿಲ್ಬರ್ಟ್ ಜೊತೆ ಸೇರಿ ಪ್ರಾಕ್ಸಿಸ್ ಅನ್ನುವ ಕಂಪನಿ ಕಟ್ಟಿದವರು ಗಿಯರಿ ರಮ್ಲರ್. ಅತ್ತ ರಾಬರ್ಟ್ ಮೇಗರ್, ಫ್ಲೋರಿಡಾದಲ್ಲಿ ರೋಜರ್ ಕೌಫ್ಮನ್, ಕ್ಯಾನ್ಸಾಸ್‌ನಲ್ಲಿ ಆಗ್ಡನ್ ಲಿಂಡ್ಸ್ಲಿ, ಸ್ಯಾನ್ ಡಿಯಾಗೊದಲ್ಲಿ ಅಲಿಸನ್ ರೊಸೆಟ್. ಒಂದೇ ಊರಿನ ನೆಂಟರ ಹಾಗೆ, ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ ಬರುತ್ತದೆ.

ಓದುವುದಾದರೆ ಗಿಲ್ಬರ್ಟ್ 1978ರಲ್ಲಿ ಬರೆದ 'ಹ್ಯೂಮನ್ ಕಾಂಪಿಟೆನ್ಸ್' ಓದಿ. ಒಂದೇ ಉಸಿರಿಗೆ ಬೇಡ. ಅವರು ತಮ್ಮ ಸೂತ್ರಗಳಿಗೆ 'ಲೆಷರ್ಲಿ ಥಿಯರಮ್' ಅಂತ ಹೆಸರಿಟ್ಟಿದ್ದಾರೆ, ಆರಾಮದ ಸೂತ್ರಗಳು ಅಂತ. ಓದುವವರಿಗೆ ಆರಾಮ ಏನೂ ಇಲ್ಲ. ನಾನು ಮೂರನೇ ಸಲ ಓದಿದಾಗ ತಲೆಗೆ ಹತ್ತಿತು.

ಗಾರ್ಮೆಂಟ್ಸ್ ಸೂಪರ್‌ವೈಸರ್, ದೊಡ್ಡಬಳ್ಳಾಪುರ: ನನ್ನ ಲೈನಿನಲ್ಲಿ ಕಾಲರ್ ಕೂರಿಸುವ ಕಡೆ ಆಲ್ಟರ್ ಪೀಸ್, ಅಂದರೆ ತಪ್ಪಾಗಿ ಹೊಲಿದು ಸರಿಪಡಿಸಲು ವಾಪಸ್ ಬರುವ ಪೀಸ್, ಜಾಸ್ತಿ ಬರುತ್ತಿದೆ. ಎಚ್‌ಆರ್‌ನವರು ಮೂರನೇ ಸಲ ಟ್ರೈನಿಂಗ್ ಇಟ್ಟಿದ್ದಾರೆ. ಎರಡು ಸಲ ಏನೂ ಉಪಯೋಗ ಆಗಲಿಲ್ಲ. ಮೇಲಿನವರು 'ನಿಮ್ಮ ಹುಡುಗಿಯರಿಗೆ ಆಸಕ್ತಿ ಇಲ್ಲ' ಅಂತಾರೆ. ಒಬ್ಬಳ ಪೀಸ್ ಮಾತ್ರ ಯಾವತ್ತೂ ವಾಪಸ್ ಬರಲ್ಲ. ಏನು ಮಾಡಲಿ?

ನಿಮ್ಮ ಪತ್ರದ ಕೊನೇ ಸಾಲು ಇದೆಯಲ್ಲ, ಉತ್ತರ ಅಲ್ಲೇ ಇದೆ. ಆದರೆ ಮೊದಲು ನನ್ನ ಮಾನ ಹೋದ ಕಥೆ ಕೇಳಿ.

ಎಂಬತ್ತರ ದಶಕದ ಕೊನೆ. ನಮ್ಮ ಮಷೀನ್ ಶಾಪಿನ ಸೆಕೆಂಡ್ ಶಿಫ್ಟ್‌ನಲ್ಲಿ ಒಂದು ಶಾಫ್ಟಿನ ರಿಜೆಕ್ಷನ್ ಏರಿತ್ತು. ನನ್ನನ್ನು ಕರೆದರು. 'ಇವರಿಗೆ ಅಳತೆ ಓದೋಕೇ ಬರಲ್ಲ, ಕಲಿಸಿ' ಅಂದರು. ನನಗೆ ಖುಷಿ. ಮೂರು ದಿನದ ಕಾರ್ಯಕ್ರಮ ಮಾಡಿದೆ. ಮೈಕ್ರೋಮೀಟರಿನ ದೊಡ್ಡ ಚಿತ್ರ ಬರೆಸಿದೆ. 38 ಜನ ಬಂದರು. ಮಧ್ಯಾಹ್ನ ಮದ್ದೂರು ವಡೆ, ಕಾಫಿ. ಕೊನೆಯಲ್ಲಿ ಪರೀಕ್ಷೆ, ಎಲ್ಲರೂ ಪಾಸು. ಫೋಟೊ ತೆಗೆಸಿಕೊಂಡೆವು. ಮುಂದಿನ ತಿಂಗಳ ರಿಜೆಕ್ಷನ್ ಪಟ್ಟಿ ಬಂತು. ಒಂದು ಕೂದಲಿನಷ್ಟೂ ಇಳಿದಿರಲಿಲ್ಲ.

ಮುಖ ಸಪ್ಪೆ ಮಾಡಿಕೊಂಡು ಒಂದು ರಾತ್ರಿ ಶಾಪಿಗೆ ಹೋದೆ. ಅಲ್ಲಿಯೂ ಒಬ್ಬ ಇದ್ದ, ನಿಮ್ಮ ಆ ಹುಡುಗಿಯ ಹಾಗೆ. ಕೋಲಾರದ ಕಡೆಯ ಟರ್ನರ್. ಅವನ ಪೀಸ್ ವಾಪಸ್ ಬರುತ್ತಿರಲಿಲ್ಲ. ಒಂದು ಗಂಟೆ ಅವನ ಪಕ್ಕ ಸುಮ್ನೆ ನಿಂತೆ. ಪೀಸ್ ಮುಗಿಯಿತು. ಮೈಕ್ರೋಮೀಟರ್ ಹಿಡಿದ. ಆಮೇಲೆ ಬಗ್ಗಿ ಟಿಫನ್ ಕ್ಯಾರಿಯರ್ ಚೀಲಕ್ಕೆ ಕೈ ಹಾಕಿದ. ಒಂದು ಎರಡು ಸೆಲ್ಲಿನ ಟಾರ್ಚ್ ತೆಗೆದ. ಬೆಳಕು ಬಿಟ್ಟು ಅಳತೆ ಓದಿದ. ಟಾರ್ಚ್ ವಾಪಸ್ ಚೀಲಕ್ಕೆ.

ಮೇಲೆ ನೋಡಿದೆ. ಅಳತೆ ಮೇಜಿನ ಮೇಲಿನ ಎರಡು ಟ್ಯೂಬ್‌ಲೈಟೂ ಸತ್ತಿದ್ದವು. ನಾಲ್ಕು ತಿಂಗಳಿಂದ ಸತ್ತಿದ್ದವು, ಮೆಂಟೆನೆನ್ಸ್‌ಗೆ ಚೀಟಿಯೂ ಹೋಗಿತ್ತು. ಇನ್ನೊಂದು ವಿಷಯ. ಹನ್ನೆರಡು ಜನಕ್ಕೆ ಮೂರು ಮೈಕ್ರೋಮೀಟರ್. ಉಳಿದವು ಟೂಲ್ ಕ್ರಿಬ್‌ನಲ್ಲಿ, ಅಂದರೆ ಸಲಕರಣೆ ಇಡುವ ಕೋಣೆಯಲ್ಲಿ, ಬೀಗ ಹಾಕಿಕೊಂಡು ಕೂತಿದ್ದವು. ಟೂಲ್ ಕ್ರಿಬ್ ಕಿಟಕಿ ಮುಚ್ಚುವುದು ಸಂಜೆ ಆರಕ್ಕೆ. ಸೆಕೆಂಡ್ ಶಿಫ್ಟ್ ರಾತ್ರಿವರೆಗೆ. ಮೂರು ದಿನ, 38 ಜನ, ಅಷ್ಟೂ ವಡೆ, ಎರಡು ಟ್ಯೂಬ್‌ಲೈಟಿನ ಕೆಲಸಕ್ಕೆ! ಹಗಲು ಹೊತ್ತಿನಲ್ಲಿ, ಬೆಳಕಿರುವ ಕ್ಲಾಸ್‌ರೂಮಿನಲ್ಲಿ ಪರೀಕ್ಷೆ ಮಾಡಿದ್ದೆ ಬೇರೆ. ಪಾಸಾಗದೆ ಏನು ಮಾಡುತ್ತಾರೆ.

ಗಿಲ್ಬರ್ಟ್ ಓದಿದ್ದು ಇದಾದ ಎರಡು ವರ್ಷಕ್ಕೆ. ಓದುತ್ತಾ ಕಿವಿ ಬಿಸಿಯಾಯಿತು. ಅವರು ಆರು ಪೆಟ್ಟಿಗೆ ಬರೆಯುತ್ತಾರೆ. ಅಮೆರಿಕದವರಿಗೆ ಪೆಟ್ಟಿಗೆ ಬರೆಯುವ ಚಟ ಸ್ವಲ್ಪ ಜಾಸ್ತಿ, ಆದರೆ ಇದು ಬೆಲೆಬಾಳುವ ಪೆಟ್ಟಿಗೆ. ಮೇಲಿನ ಸಾಲಿನ ಮೂರು ಕೆಲಸದ ಜಾಗಕ್ಕೆ ಸೇರಿದ್ದು: ಏನು ಮಾಡಬೇಕು ಮತ್ತು ಹೇಗೆ ಮಾಡುತ್ತಿದ್ದೀಯ ಅನ್ನುವ ಮಾಹಿತಿ, ಸಲಕರಣೆ, ಸರಿಯಾಗಿ ಮಾಡಿದರೆ ಸಿಗುವುದೇನು. ಕೆಳಗಿನ ಮೂರು ಮನುಷ್ಯನದು: ತಿಳಿವಳಿಕೆ, ಶಕ್ತಿ, ಒಳಗಿನ ಇಷ್ಟ. ಗಿಲ್ಬರ್ಟ್ ಹೇಳುವುದು ಇಷ್ಟೇ. ಮೇಲಿನ ಸಾಲಿನಿಂದ ಶುರು ಮಾಡಿ. ಅಲ್ಲಿ ಖರ್ಚು ಕಡಿಮೆ, ಫಲ ಜಾಸ್ತಿ. ನಾವೆಲ್ಲ ಮಾಡುವುದು ಉಲ್ಟಾ. ಕೆಳಗಿನ ಸಾಲಿಗೇ ಮೊದಲು ಕೈ ಹಾಕುತ್ತೇವೆ: ಕಲಿಸು, ಇಲ್ಲದಿದ್ದರೆ 'ಆಸಕ್ತಿ ಇಲ್ಲ' ಅನ್ನು.

ನಿಮ್ಮ ಲೈನಿಗೆ ಬರೋಣ. ಕಾಲರ್ ಕೂರಿಸುವ ಹುಡುಗಿಗೆ ಅವಳ ಪೀಸ್ ಆಲ್ಟರ್‌ಗೆ ಬಂತು ಅಂತ ಯಾವಾಗ ಗೊತ್ತಾಗುತ್ತದೆ? ಆಗಲೇ, ಸಂಜೆ, ಅಥವಾ ಯಾರೋ ಕೂಗಾಡಿದಾಗ? ಚೆಕಿಂಗ್ ಟೇಬಲ್ಲು ಲೈನಿನ ತುದಿಯಲ್ಲಿದ್ದರೆ ತಪ್ಪು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಿಂದೆ ಮೂವತ್ತು ಪೀಸ್ ಅದೇ ತಪ್ಪಿನಲ್ಲಿ ಬರುತ್ತಿರುತ್ತದೆ. ಸರಿಯಾದ ಕಾಲರ್ ಹೇಗಿರಬೇಕು ಅನ್ನುವ ಒಂದು ಸ್ಯಾಂಪಲ್ ಅವಳ ಕಣ್ಣೆದುರು ತೂಗುಬಿದ್ದಿದೆಯಾ, ಆಫೀಸಿನ ಬೀರುವಿನಲ್ಲಿದೆಯಾ? ಕಟಿಂಗ್‌ನಿಂದ ಬರುವ ಬಟ್ಟೆಯ ಗುರುತು ಸರಿಯಿದೆಯಾ? ಸೂಜಿ ಯಾವಾಗ ಬದಲಾಯಿಸುತ್ತಾರೆ, ಕೇಳಿದರೆ ಕೊಡುತ್ತಾರಾ, ಬೈದು ಕೊಡುತ್ತಾರಾ? ಗಂಟೆ ಟಾರ್ಗೆಟ್ ತಪ್ಪಿದರೆ ಮೈಕಿನಲ್ಲಿ ಹೆಸರು ಕೂಗುತ್ತೀರಿ, ಆಲ್ಟರ್ ಬಂದರೆ ಯಾರೂ ಏನೂ ಅನ್ನುವುದಿಲ್ಲ ಅಂತಾದರೆ ಆ ಹುಡುಗಿ ಯಾವುದಕ್ಕೆ ಹೆದರುತ್ತಾಳೆ? ಟಾರ್ಗೆಟ್ಟಿಗೆ. ಅವಳಿಗೆ ಆಸಕ್ತಿ ಇಲ್ಲ ಅಂತ ಹೇಳಬೇಡಿ, ಲೆಕ್ಕ ಚೆನ್ನಾಗಿ ಬರುತ್ತದೆ ಅನ್ನಿ.

ಆಮೇಲೆ ಆ ಒಬ್ಬಳು. ಗಿಲ್ಬರ್ಟ್ ಒಂದು ಸುಲಭದ ಭಾಗಾಕಾರ ಹೇಳಿಕೊಡುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ಮಾಡುವವರ ಕೆಲಸವನ್ನು ಸಾಧಾರಣ ಕೆಲಸದಿಂದ ಭಾಗಿಸಿ. ಅವಳು ಗಂಟೆಗೆ 60 ಒಳ್ಳೇ ಕಾಲರ್, ಉಳಿದವರು 40 ಅಂದರೆ ಉತ್ತರ ಒಂದೂವರೆ. ಈ ಸಂಖ್ಯೆ ದೊಡ್ಡದಾದಷ್ಟೂ ಮೇಲೇರುವ ಜಾಗ ಜಾಸ್ತಿ ಇದೆ ಅಂತ ಅರ್ಥ. ಬೇರೆಯವರು ಅಂತರ ನೋಡಿ 'ಇವರು ದಡ್ಡರು' ಅಂದಾಗ ಗಿಲ್ಬರ್ಟ್ 'ಎಷ್ಟೊಂದು ಅವಕಾಶ ಇದೆ' ಅನ್ನುತ್ತಿದ್ದರು. ಅವಳ ಪಕ್ಕ ಒಂದು ಗಂಟೆ ನಿಲ್ಲಿ. ಪ್ರಶ್ನೆ ಕೇಳಬೇಡಿ, ಕೇಳಿದರೆ 'ಏನಿಲ್ಲ ಮೇಡಂ, ಎಲ್ಲರ ಹಾಗೇ' ಅನ್ನುತ್ತಾಳೆ. ಕೈ ನೋಡಿ. ಟಾರ್ಚ್ ಎಲ್ಲಿಟ್ಟಿದ್ದಾಳೆ ನೋಡಿ.

ಸಂಬಳವೇ ಕಡಿಮೆ ಇದ್ದರೆ? ಅದೂ ಮೂರನೇ ಪೆಟ್ಟಿಗೆಯಲ್ಲೇ ಇದೆ. ಅದನ್ನು ಮಾತ್ರ ಜಾಣತನದಿಂದ ಮರೆತು ಉಳಿದ ಐದನ್ನು ಉಜ್ಜುವ ಮ್ಯಾನೇಜರುಗಳನ್ನು ಬೇಕಾದಷ್ಟು ನೋಡಿದ್ದೇನೆ.

ಹೋಟೆಲ್ ಮಾಲೀಕರು, ಮಂಡ್ಯ: ಟೇಬಲ್ ತಕ್ಷಣ ಒರೆಸಬೇಕು ಅಂತ ದಿನಾ ಹೇಳುತ್ತೇನೆ. ಕ್ಲೀನರ್ ಹುಡುಗರಿಗೆ ಗೊತ್ತು, ಆದರೂ ಮಾಡಲ್ಲ. ಒಬ್ಬ ಮೊದಲು ಚುರುಕಾಗಿದ್ದ, ಈಗ ಅವನೂ ಹಾಗೇ ಆಗಿದ್ದಾನೆ. ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಮದ್ದಿದೆಯೇ?

ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದರು. ಅದರಲ್ಲಿ ಒಂದು ಒರಟು ಪ್ರಶ್ನೆ ಇದೆ. ಪ್ರಾಣಕ್ಕೇ ಬಂದರೆ ಆ ಮನುಷ್ಯ ಈ ಕೆಲಸ ಮಾಡಬಲ್ಲನೇ? ಮಾಡಬಲ್ಲ ಅಂತಾದರೆ ಅದು ಕಲಿಸುವ ತೊಂದರೆ ಅಲ್ಲವೇ ಅಲ್ಲ. ನಿಮ್ಮ ಹುಡುಗರು ಟೇಬಲ್ ಒರೆಸಬಲ್ಲರು. ಹಾಗಾಗಿ ಹೇಳಿಕೊಡುವುದನ್ನು ಇವತ್ತೇ ನಿಲ್ಲಿಸಿ, ನಿಮ್ಮ ಗಂಟಲಾದರೂ ಉಳಿಯುತ್ತದೆ.

ಆಮೇಲೆ ಮೇಗರ್ ಇನ್ನಷ್ಟು ಕೇಳುತ್ತಾರೆ. ಸರಿಯಾಗಿ ಮಾಡಿದವನಿಗೆ ಶಿಕ್ಷೆ ಆಗುತ್ತಿದೆಯಾ? ಮಾಡದವನಿಗೆ ಲಾಭ ಇದೆಯಾ? ಮಾಡಿದರೂ ಬಿಟ್ಟರೂ ಒಂದೇನಾ? ಅಡ್ಡಿ ಏನಾದರೂ ಇದೆಯಾ? ನಾನಾದರೆ ಮೊದಲನೇದನ್ನೇ ಹಿಡಿಯುತ್ತೇನೆ. ಆ ಚುರುಕು ಹುಡುಗನನ್ನು ನೆನಪು ಮಾಡಿಕೊಳ್ಳಿ. ಬೇಗ ಮುಗಿಸುತ್ತಿದ್ದ. ಬೇಗ ಮುಗಿಸಿದ ಅಂತ ಅವನಿಗೆ ಇನ್ನೂ ನಾಲ್ಕು ಟೇಬಲ್ ಕೊಟ್ಟಿರಿ, ಅಲ್ವಾ? ಜೊತೆಗೆ ಒಳಗೆ ಪಾತ್ರೆ ತಿಕ್ಕುವವನು ಬಾರದ ದಿನ 'ನೀನು ಚುರುಕಿದ್ದೀಯ, ಹೋಗು' ಅಂದಿರಿ. ಸಂಬಳ ಅಷ್ಟೇ. ಮೂಲೆಯಲ್ಲಿ ನಿಂತು ಮೊಬೈಲ್ ನೋಡುವವನಿಗೆ ಎರಡು ಟೇಬಲ್. ಅವನು ಸೋಮಾರಿಯಾಗಲಿಲ್ಲ ಸ್ವಾಮಿ, ನೀವು ಕಲಿಸಿದ್ದನ್ನು ಕಲಿತ.

ನಮ್ಮ ಕಾರ್ಖಾನೆಯಲ್ಲೂ ಹೀಗೇ ಇತ್ತು. ಕೆಟ್ಟ ಪೀಸನ್ನು ಸರಿಪಡಿಸಲು ಭಾನುವಾರ ಕರೆಯುತ್ತಿದ್ದರು, ಡಬಲ್ ಓವರ್‌ಟೈಮ್ ಕೊಟ್ಟು. ವಾರವಿಡೀ ಒಳ್ಳೇ ಪೀಸ್ ಮಾಡಿದವನಿಗೆ ಭಾನುವಾರ ಮನೆ. ಇದನ್ನು ಮೀಟಿಂಗಿನಲ್ಲಿ ಹೇಳಿದ ದಿನ ನನ್ನ ಜೊತೆ ಕ್ಯಾಂಟೀನಿನಲ್ಲಿ ಯಾರೂ ಕೂರಲಿಲ್ಲ.

ತಾಯಿ, ಶಿರಸಿ: ಮಗಳು ನಾಲ್ಕನೇ ಕ್ಲಾಸು. ಮಗ್ಗಿ ಬರುತ್ತದೆ, ಆದರೆ ಏಳೆಂಟ್ಲ ಎಷ್ಟು ಅಂದರೆ ಬೆರಳು ಎಣಿಸುತ್ತಾಳೆ. ಅತ್ತೆ ದಿನಾ ಸಂಜೆ ಮಗ್ಗಿ ಹೇಳಿಸಬೇಕು ಅಂತಾರೆ. ಶಾಲೆಯಲ್ಲಿ 'ಬಾಯಿಪಾಠ ಬೇಡ, ಅರ್ಥ ಆಗಲಿ' ಅಂತಾರೆ. ಇದು ನಿಮ್ಮ ಅಂಕಣಕ್ಕೆ ಸೇರಿದ ಪ್ರಶ್ನೆಯೋ ಅಲ್ಲವೋ ಗೊತ್ತಿಲ್ಲ.

ಸೇರಿದ್ದೇ. ಈ ಕಂತೆಯಲ್ಲಿ ನನಗೆ ತುಂಬಾ ಇಷ್ಟವಾದ ಪತ್ರ ಇದು.

ಆಗ್ಡನ್ ಲಿಂಡ್ಸ್ಲಿ ಸ್ಕಿನ್ನರ್ ಅವರ ಶಿಷ್ಯ. ಅರವತ್ತರ ದಶಕದಲ್ಲಿ ಕ್ಯಾನ್ಸಾಸ್‌ಗೆ ಹೋಗಿ ಟೀಚರುಗಳಿಗೆ ಪಾಠ ಹೇಳುತ್ತಿದ್ದರು. ಅವರ ತಕರಾರು ಏನೆಂದರೆ, ಶಾಲೆಗಳು ನೂರಕ್ಕೆ ಎಷ್ಟು ಸರಿ ಅಂತ ಮಾತ್ರ ನೋಡುತ್ತವೆ, ಎಷ್ಟು ಹೊತ್ತಿನಲ್ಲಿ ಅಂತ ನೋಡುವುದಿಲ್ಲ. ಇಬ್ಬರು ಮಕ್ಕಳಿಗೂ ಹತ್ತಕ್ಕೆ ಹತ್ತು. ಒಬ್ಬಳು ಇಪ್ಪತ್ತು ಸೆಕೆಂಡಿನಲ್ಲಿ ಬರೆದಳು, ಇನ್ನೊಬ್ಬಳು ಬೆರಳು ಎಣಿಸಿ ಐದು ನಿಮಿಷಕ್ಕೆ ಬರೆದಳು. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ. ಮುಂದಿನ ವರ್ಷ ದೊಡ್ಡ ಭಾಗಾಕಾರ ಬಂದಾಗ ಎರಡನೆಯವಳು ಲೆಕ್ಕದ ನಡುವೆ ಏಳೆಂಟ್ಲ ಹುಡುಕಿಕೊಂಡು ಹೋಗಿ ವಾಪಸ್ ಬರುವಷ್ಟರಲ್ಲಿ ಎಲ್ಲಿದ್ದೆ ಅಂತ ಮರೆತಿರುತ್ತಾಳೆ. ಆಗ ಎಲ್ಲರೂ 'ಇವಳಿಗೆ ಗಣಿತ ತಲೆಗೆ ಹತ್ತಲ್ಲ' ಅನ್ನುತ್ತಾರೆ.

ಸರಿಯಾಗಿ, ಜೊತೆಗೆ ತಡವರಿಸದೆ. ಇದಕ್ಕೆ 'ಫ್ಲೂಯೆನ್ಸಿ' ಅಂದರು. ನಮ್ಮಲ್ಲಿ ಒಳ್ಳೇ ಮಾತಿದೆ, ಕರತಲಾಮಲಕ ಅಂತ. ಅದು ಭಾರ ಅನಿಸಿದರೆ ನೀರು ಕುಡಿದ ಹಾಗೆ ಅನ್ನಿ. ಲಿಂಡ್ಸ್ಲಿ ಹಾದಿಯಲ್ಲಿ ನಡೆದ ಕಾರ್ಲ್ ಬೈಂಡರ್ ಇದನ್ನೇ ಕಂಪನಿಗಳ ಕೆಲಸಕ್ಕೂ ತಂದರು. ಸೇಲ್ಸ್‌ನವನಿಗೆ ತನ್ನ ಸರಕಿನ ಬಗ್ಗೆ ಗೊತ್ತಿದ್ದರೆ ಸಾಲದು, ಗಿರಾಕಿ ಎದುರು ತಡವರಿಸದೆ ಬಾಯಿಗೆ ಬರಬೇಕು ಅಂತ.

ಹಾಗಾದರೆ ಅತ್ತೆ ಗೆದ್ದರಾ? ಅರ್ಧ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅಂತ ರಾಗವಾಗಿ ಹೇಳುವವಳಿಗೆ ಏಳೆಂಟ್ಲ ಅಂತ ನಡುವಿನಿಂದ ಕೇಳಿದರೆ ಏಳೊಂದ್ಲದಿಂದ ಹತ್ತಿ ಬರಬೇಕು. ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಂತು ಬಂದ ಹಾಗೆ. ಅರ್ಥ ಆಗಿದೆಯಾ ಅಂತ ಹುಣಸೆ ಬೀಜ ಇಟ್ಟು ಒಂದೆರಡು ದಿನ ನೋಡಿ. ಏಳು ಸಾಲು, ಸಾಲಿಗೆ ಎಂಟು. ಅದು ಆದಮೇಲೆ ವೇಗ.

ನಾನು ಮೊಮ್ಮಗನಿಗೆ ಮಾಡಿದ್ದು ಹೇಳುತ್ತೇನೆ. ಒಂದು ಹಾಳೆಯಲ್ಲಿ ಐವತ್ತು ಪ್ರಶ್ನೆ, ಕಲಸಿಟ್ಟು. ಒಂದೇ ಒಂದು ನಿಮಿಷ. ಗಡಿಯಾರ ಅವನ ಕೈಗೇ ಕೊಟ್ಟೆ. ಎಷ್ಟು ಸರಿ, ಎಷ್ಟು ತಪ್ಪು ಅಂತ ಅವನೇ ಎಣಿಸಿ ಕ್ಯಾಲೆಂಡರಿನ ಹಿಂದೆ ಚುಕ್ಕಿ ಇಡಬೇಕು. ಮೊದಲ ದಿನ 11. ಎರಡನೇ ದಿನ 9, ಅತ್ತುಬಿಟ್ಟ. ಮೂರು ವಾರಕ್ಕೆ 34. ದಿನಕ್ಕೆ ಒಂದು ನಿಮಿಷ ಅಷ್ಟೇ, ಹಾಗಾಗಿ ಅವನೇ 'ಅಜ್ಜ, ಇನ್ನೊಂದ್ಸಲ' ಅನ್ನತೊಡಗಿದ.

ಚುಕ್ಕಿ ಇಡುವುದರಲ್ಲೂ ಲಿಂಡ್ಸ್ಲಿ ಒಂದು ಕಿತಾಪತಿ ಮಾಡಿದ್ದಾರೆ. ಅವರ ಚಾರ್ಟಿನಲ್ಲಿ 10ರಿಂದ 20ಕ್ಕೆ ಎಷ್ಟು ಎತ್ತರವೋ 20ರಿಂದ 40ಕ್ಕೂ ಅಷ್ಟೇ ಎತ್ತರ. ಕೂಡಿಸುವ ಏಣಿ ಅಲ್ಲ, ಗುಣಿಸುವ ಏಣಿ. ನಿಧಾನದ ಮಗು 5ರಿಂದ 10ಕ್ಕೆ ಹೋದರೂ, ಚುರುಕಿನ ಮಗು 30ರಿಂದ 60ಕ್ಕೆ ಹೋದರೂ ಗೆರೆ ಒಂದೇ ಥರ ಏರುತ್ತದೆ. ಎರಡೂ ದುಪ್ಪಟ್ಟೇ ತಾನೇ. ಗೆರೆ ಮಲಗಿದರೆ ಮಗುವನ್ನು ಬೈಯುವ ಹಾಗಿಲ್ಲ. ಮಗುವಿಗೇ ಚೆನ್ನಾಗಿ ಗೊತ್ತು ಅನ್ನುವುದು ಲಿಂಡ್ಸ್ಲಿ ಅವರ ಮಂತ್ರ. ಕಲಿಯುತ್ತಿಲ್ಲ ಅಂದರೆ ನೀವು ಮಾಡುತ್ತಿರುವುದನ್ನು ಬದಲಾಯಿಸಿ ಅಂತ ಆ ಗೆರೆ ಹೇಳುತ್ತಿದೆ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಗಡಿಯಾರ ಹಿಡಿಯುವ ಕೆಲಸ ಅವರಿಗೆ ಕೊಡಬೇಡಿ.

ಮುಖ್ಯ ಶಿಕ್ಷಕರು, ಹಾವೇರಿ ಜಿಲ್ಲೆ: ನಮ್ಮ ಶಾಲೆಗೆ ಪ್ರೊಜೆಕ್ಟರ್ ಬೇಕು. ದಾನಿಗಳು ಒಪ್ಪಿದ್ದಾರೆ, 'ಯಾಕೆ ಬೇಕು ಅಂತ ಎರಡು ಪುಟ ಬರೆದುಕೊಡಿ' ಅಂದಿದ್ದಾರೆ. ಹೇಗೆ ಬರೆಯಲಿ?

ಬೇಕು ಅನ್ನುವ ಪದ ಬಿಟ್ಟು ಬರೆಯಿರಿ. ರೋಜರ್ ಕೌಫ್ಮನ್ ಇಡೀ ಜೀವನ ಇದನ್ನೇ ಹೇಳಿದರು. 'ಬೇಕು' ಅಂದ ಕೂಡಲೇ ನೀವು ಮದ್ದು ಆರಿಸಿ ಆಯಿತು, ರೋಗ ಇನ್ನೂ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಅಗತ್ಯ ಅಂದರೆ ಈಗ ಸಿಗುತ್ತಿರುವ ಫಲಕ್ಕೂ ಸಿಗಬೇಕಾದ ಫಲಕ್ಕೂ ನಡುವಿನ ಅಂತರ, ಅಷ್ಟೇ. ಐದನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಒಂದು ಪುಟ ಕನ್ನಡ ತಡೆಯಿಲ್ಲದೆ ಓದುತ್ತಾರೆ, ಎಷ್ಟು ಜನ ಓದಬೇಕು? ಇದನ್ನು ಬರೆಯಿರಿ. ಬರೆದಾದ ಮೇಲೂ ಪ್ರೊಜೆಕ್ಟರೇ ಉತ್ತರ ಅನಿಸಿದರೆ ಧಾರಾಳವಾಗಿ ಕೇಳಿ. ಕೌಫ್ಮನ್ ಇಲ್ಲಿಗೆ ನಿಲ್ಲಿಸದೆ ಇದರಿಂದ ಸಮಾಜಕ್ಕೆ ಏನಾಯಿತು ಅಂತಲೂ ಕೇಳುತ್ತಾರೆ. ಅದು ದೊಡ್ಡ ಮಾತು, ನಿಮ್ಮ ಎರಡು ಪುಟದಲ್ಲಿ ಹಿಡಿಯಲ್ಲ. ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಮಾತ್ರ ಮರೆಯದೆ ಬರೆಯಿರಿ.

ಸಹಕಾರ ಬ್ಯಾಂಕ್ ನೌಕರರು, ಊರು ಬೇಡ ಎಂದಿದ್ದಾರೆ: ಸಾಲದ ಫೈಲು ತಡವಾಗುತ್ತದೆ ಅಂತ ನನ್ನ ಟೇಬಲ್ಲಿಗೆ ಮೂರು ವರ್ಷದಲ್ಲಿ ಮೂವರು ಬಂದು ಹೋದರು. ನಾನು ನಾಲ್ಕನೆಯವಳು. ಬಂದ ಫೈಲನ್ನು ಅವತ್ತೇ ಮುಗಿಸುತ್ತೇನೆ. ಆದರೂ ರೈತರು ಇಪ್ಪತ್ತು ದಿನ ಕಾಯುತ್ತಾರೆ, ಬೈಗುಳ ನನಗೆ. ಸರ್, ಈ ವಿಷಯ ಬಲ್ಲವರು ಯಾರಾದರೂ ಇದ್ದಾರಾ?

ಇದ್ದರು. ಗಿಯರಿ ರಮ್ಲರ್. 2008ರಲ್ಲಿ ತೀರಿಕೊಂಡರು. ಮೊಟೊರೊಲಾದಂಥ ಕಂಪನಿಗೆ ಸಲಹೆ ಕೊಟ್ಟವರು. ಒಳ್ಳೇ ಕೆಲಸಗಾರನನ್ನು ಕೆಟ್ಟ ವ್ಯವಸ್ಥೆಯ ಎದುರು ನಿಲ್ಲಿಸಿದರೆ ಹೆಚ್ಚುಕಮ್ಮಿ ಪ್ರತಿ ಸಲವೂ ವ್ಯವಸ್ಥೆಯೇ ಗೆಲ್ಲುತ್ತದೆ ಅನ್ನುತ್ತಿದ್ದರು. ನಿಮ್ಮ ಟೇಬಲ್ಲಿನಲ್ಲಿ ಮೂರು ಸಲ ಗೆದ್ದಿದೆ.

1990ರಲ್ಲಿ ಅವರು ಅಲನ್ ಬ್ರೇಶ್ ಜೊತೆ ಬರೆದ ಪುಸ್ತಕದ ತಿರುಳು ಹೀಗೆ. ಆಫೀಸಿನ ಗೋಡೆಯ ಮೇಲೆ ಯಾರ ಕೆಳಗೆ ಯಾರು ಅಂತ ಒಂದು ಚಿತ್ರ ಇರುತ್ತದಲ್ಲ, ಅದರಲ್ಲಿ ಚೌಕಗಳನ್ನು ಎಲ್ಲರೂ ನೋಡುತ್ತಾರೆ. ಚೌಕಗಳ ನಡುವಿನ ಖಾಲಿ ಜಾಗವನ್ನು ಯಾರೂ ನೋಡುವುದಿಲ್ಲ. ಕೆಲಸ ಬಿದ್ದುಹೋಗುವುದು ಅಲ್ಲೇ. ನಿಮ್ಮ ಫೈಲು ಟೇಬಲ್ ಮೇಲೆ ಒಂದೊಂದು ಗಂಟೆ ಇರುತ್ತದೆ, ಟೇಬಲ್ ಟೇಬಲ್ ನಡುವೆ ಹತ್ತೊಂಬತ್ತು ದಿನ ಇರುತ್ತದೆ.

ಒಂದು ಕೆಲಸ ಮಾಡಿ. ಹತ್ತು ಫೈಲಿಗೆ ಒಂದೊಂದು ಚೀಟಿ ಪಿನ್ ಮಾಡಿ. ಪ್ರತಿ ಟೇಬಲ್ಲಿಗೆ ಬಂದ ದಿನ, ಹೊರಟ ದಿನ, ಎರಡೇ ಕಾಲಂ. ಯಾರ ತಪ್ಪು ಅಂತ ಎಲ್ಲೂ ಬರೆಯಬೇಡಿ, ಬರೆದರೆ ಚೀಟಿ ಕಾಣೆಯಾಗುತ್ತದೆ. ತಿಂಗಳ ಕೊನೆಗೆ ಗೊತ್ತಾಗುತ್ತದೆ. ನಾನು ನೋಡಿದ ಇಂಥದ್ದೇ ಒಂದು ಕಡೆ ಫೈಲು ಕಾಯುತ್ತಿದ್ದದ್ದು ಒಂದು ಸೀಲಿಗೆ. ಸೀಲಿನ ಬೀರುವಿನ ಕೀ ಇದ್ದವರು ಮಂಗಳವಾರ, ಶುಕ್ರವಾರ ಮಾತ್ರ ಈ ಕಟ್ಟಡಕ್ಕೆ ಬರುತ್ತಿದ್ದರು. ಅವರೂ ಒಳ್ಳೆಯವರೇ. ಬಂದ ದಿನ ಎಲ್ಲಕ್ಕೂ ಸೀಲು ಹಾಕಿಯೇ ಹೋಗುತ್ತಿದ್ದರು.

ಚೀಟಿ ತೋರಿಸಿದ ಮೇಲೂ ಮೇಲಿನವರು ನಿಮ್ಮನ್ನೇ ಬದಲಾಯಿಸಿದರೆ? ಬದಲಾಯಿಸಬಹುದು. ಐದನೆಯವರಿಗೆ ಚೀಟಿಗಳನ್ನು ಕೊಟ್ಟು ಹೋಗಿ.

ಪತ್ರಗಳು ಮುಗಿದವು ಅಂತ ಪೆನ್ನು ಮುಚ್ಚುತ್ತಿದ್ದೆ, ಒಂದು ಪೋಸ್ಟ್ ಕಾರ್ಡ್ ಉಳಿದಿತ್ತು. ತುಮಕೂರಿನಿಂದ. ಒಂದೇ ಸಾಲು: *'ಊರಿಗೆಲ್ಲ ಹೇಳ್ತೀರಲ್ಲ ಸಾರ್, ಈ ಶಾಸ್ತ್ರ ನಿಮ್ಮ ಮನೆಯಲ್ಲಿ ನಡೆಯುತ್ತಾ?'*

ನಡೆಯುತ್ತದೆ, ಆದರೆ ನಡೆಸುವವನು ನಾನಲ್ಲ.

ಜೋ ಹಾರ್ಲೆಸ್ ವಿಷಯ ಮೇಲೆ ಹೇಳಲು ಜಾಗ ಸಿಗಲಿಲ್ಲ, ಇಲ್ಲಿ ಹೇಳುತ್ತೇನೆ. ಪಾಠ ಬರೆಯುವ ಮೊದಲು 'ನಿಜವಾಗಿ ತೊಂದರೆ ಇದೆಯಾ, ಪಾಠದಿಂದ ಹೋಗುತ್ತದಾ' ಅಂತ ನೋಡುವುದಕ್ಕೆ 'ಫ್ರಂಟ್ ಎಂಡ್ ಅನಾಲಿಸಿಸ್' ಅಂತ ಹೆಸರು ಕೊಟ್ಟವರು ಅವರು. ತಲೆಗೆ ತುಂಬುವ ಬದಲು ಕಣ್ಣೆದುರು ಒಂದು ಚೀಟಿ ಇಟ್ಟರೆ ಸಾಕಾಗುವ ಕೆಲಸ ಎಷ್ಟೋ ಇವೆ ಅಂತ ವಾದಿಸಿದವರು. ಅಂಥ ಚೀಟಿಗೆ 'ಜಾಬ್ ಏಡ್' ಅನ್ನುತ್ತಾರೆ. ಚೀಟಿ ಅಂದರೆ ಸಣ್ಣ ವಿಷಯ ಅಂದುಕೊಳ್ಳಬೇಡಿ. 1935ರ ಅಕ್ಟೋಬರ್ 30ರಂದು ಓಹಾಯೋದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಹೊಸ ದೊಡ್ಡ ವಿಮಾನ ಮೇಲೆದ್ದು ಬಿತ್ತು. ಇಬ್ಬರು ಸತ್ತರು. ಹಾರಿಸುತ್ತಿದ್ದವರು ಹೊಸಬರಲ್ಲ, ಪಳಗಿದ ಕೈ. ಗಾಳಿಗೆ ಅಲುಗಾಡದಿರಲಿ ಅಂತ ನಿಲ್ಲಿಸಿದಾಗ ಹಾಕುವ ಲಾಕನ್ನು ತೆಗೆಯಲು ಮರೆತಿದ್ದರು. ಅದಾದ ಮೇಲೆ ಪೈಲಟ್‌ಗಳಿಗೆ ಇನ್ನಷ್ಟು ಪಾಠ ಹೇಳಲಿಲ್ಲ. ಚೆಕ್‌ಲಿಸ್ಟ್ ಕೊಟ್ಟರು. ಅದೇ ಮಾದರಿಯ ವಿಮಾನ ಮುಂದೆ ಬಿ-17 ಅನ್ನುವ ಬಾಂಬರ್ ಆಯಿತು.

ನಮ್ಮ ಮನೆಯ ಮುಂಬಾಗಿಲ ಒಳಗಡೆ ನನ್ನ ಕಣ್ಣಿನ ಎತ್ತರಕ್ಕೆ ಒಂದು ಚೀಟಿ ಇದೆ. ಗ್ಯಾಸ್, ಗೀಸರ್, ಕೀ, ಕನ್ನಡಕ, ಬಿಪಿ ಮಾತ್ರೆ. ನನ್ನಾಕೆಯ ಅಕ್ಷರ. ಅಂಟಿಸುವ ಮೊದಲು ಎರಡು ವರ್ಷ ಬೈದು ನೋಡಿದ್ದಳು, ಆಗಲಿಲ್ಲ. ಚೀಟಿ ಬಂದಮೇಲೆ ಒಂದೇ ಸಲ ಕೀ ಮರೆತಿದ್ದೇನೆ. ಕಳೆದ ವಾರ ಅವಳು ಮಗಳ ಮನೆಗೆ ಹೋಗಿದ್ದಳು, ನಾಲ್ಕು ದಿನ ನಾನೊಬ್ಬನೇ. ವಾಪಸ್ ಬಂದವಳು ಅಡುಗೆಮನೆಗೆ ಹೋಗಿ ಪಾತ್ರೆ ಮೂಸಿ ನೋಡಿದಳು. ನನ್ನನ್ನು ಏನೂ ಅನ್ನಲಿಲ್ಲ. ಸಂಜೆ ವಾಕಿಂಗಿಗೆ ಹೊರಟಾಗ ನೋಡಿದೆ, ಚೀಟಿಯ ಕೆಳಗೆ ಆರನೇ ಸಾಲು ಬಂದಿತ್ತು: ಹಾಲು ಫ್ರಿಜ್ಜಿಗೆ.